ಮನೇಲಿ ಕೇಳೋದೇನಿದೆ

ಆ ಸಾಲುಮನೆಗಳಲ್ಲಿ ಯಾರಿಗಾದರೂ ತಿಂಗಳು ಮುಗಿಯುವ ಮೊದಲೇ ಕೈ ಬರಿದಾಗುವ ಸೂಚನೆ ಕಂಡರೆ ಅವರು ನೇರವಾಗಿ ಹೋಗುತ್ತಿದ್ದುದು ಮೂಲೆಮನೆಯ ಉಳಿತಾಯಮ್ಮನ ಹತ್ತಿರ. ಅದೇನು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಸಾಲಿನ ಹೆಂಗಸರು ಮೊದಮೊದಲು ಅವಳನ್ನು ಜಿಪುಣಿ ಎನ್ನುತ್ತಿದ್ದರು. ಆಮೇಲೆ ಅವಳಿಂದಲೇ ಕೆಲಸ ಆಗಬೇಕಾಗಿ ಬಂದಾಗ ಎದುರಿಗೆ ಹಾಗೆನ್ನಲು ನಾಲಿಗೆ ಬಾರದೆ ಉಳಿತಾಯಮ್ಮ ಎಂದು ಬಡ್ತಿ ಕೊಟ್ಟರು. ಅವಳಿಗೂ ಇದು ಗೊತ್ತಿತ್ತು. ಬೇಜಾರು ಎಲ್ಲಿಂದ ಬಂತು, ಒಳಗೊಳಗೇ ಹೆಮ್ಮೆ.

ಅವಳ ಕಸುಬು ಬಟ್ಟೆ ಸರಿಪಡಿಸುವುದು. ಅದರಲ್ಲೂ ಕಾಲರ್ ತಿರುಗಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕತ್ತಿನ ಹತ್ತಿರ ಸವೆದು ನೂಲು ಬಿಟ್ಟ ಕಾಲರಿನ ಹೊಲಿಗೆ ಬಿಚ್ಚಿ, ಮಗುಚಿ, ಒಳಮೈ ಹೊರಗೆ ಬರುವ ಹಾಗೆ ಮತ್ತೆ ಹೊಲಿದುಬಿಟ್ಟರೆ ಶರಟಿಗೆ ಎರಡನೇ ಆಯುಸ್ಸು. ಆಫೀಸಿಗೆ ಹೋಗುವ ಗಂಡಸರ ಅರ್ಧ ಮರ್ಯಾದೆ ಅವಳ ಹೊಲಿಗೆ ಯಂತ್ರದ ಮೇಲೆ ನಿಂತಿತ್ತು ಎಂದರೆ ಸುಳ್ಳಲ್ಲ.

ಎದುರುಮನೆಗೆ ಹೊಸದಾಗಿ ಬಂದ ಸೊಸೆ ಸಂಜೆ ಸಂಜೆ ಪಾಠಕ್ಕೆ ಬರುವವಳ ಹಾಗೆ ಬಂದು ಹೊಸಿಲ ಮೇಲೆ ಕೂರುತ್ತಿದ್ದಳು. ಉಳಿತಾಯಮ್ಮ ಯಂತ್ರದ ಪೆಡಲು ತುಳಿಯುತ್ತಲೇ ಹೇಳುತ್ತಿದ್ದಳು.

"ನೋಡು, ಅಂಗಡಿಗೆ ಹೋಗೋ ಮೊದ್ಲು ಹೊಟ್ಟೆ ತುಂಬಾ ತಿಂದು ಹೋಗು. ಹಸಿದ ಕಣ್ಣಿಗೆ ಕಂಡಿದ್ದೆಲ್ಲಾ ಬೇಕು ಅನ್ಸತ್ತೆ. ತರಕಾರಿ ಬೆಳಗ್ಗೆ ತರಬೇಡ, ಗಾಡಿಯವನು ಮನೆಗೆ ಹೊರಡೋ ಹೊತ್ತಿಗೆ ಹೋಗು, ಅವನೇ ಕರೆದು ಕೊಡ್ತಾನೆ. ಪೇಸ್ಟ್ ಮುಗೀತು ಅಂತ ಟ್ಯೂಬ್ ಬಿಸಾಕ್ತೀಯಲ್ಲ, ಕತ್ತರೀಲಿ ಬಾಲ ಕತ್ತರಿಸಿ ನೋಡು, ಒಳಗೆ ವಾರಕ್ಕಾಗುವಷ್ಟು ಇರತ್ತೆ. ಒಲೆ ಮೇಲಿಟ್ಟಿದ್ದಕ್ಕೆ ಮುಚ್ಚಳ ಹಾಕು, ಮುಕ್ಕಾಲು ಬೆಂದ ಮೇಲೆ ಗ್ಯಾಸ್ ಆರಿಸು. ಮಿಕ್ಕಿದ್ದು ಅದೇ ಕಾವಿಗೆ ಬೇಯತ್ತೆ."

"ಅಬ್ಬಾ, ಇಷ್ಟೆಲ್ಲಾ ಯಾರು ಕಲಿಸಿದ್ರು ಅಕ್ಕಾ ನಿಮಗೆ?"

"ಯಾರು ಕಲಿಸ್ತಾರೆ? ಬಾಡಿಗೆ ಕೇಳೋಕೆ ಬರ್ತಿದ್ನಲ್ಲ, ಅವನು ಕಲಿಸಿದ."

ಅದು ನಿಜ. ಮದುವೆಯಾಗಿ ಬಂದ ಹೊಸದರಲ್ಲಿ ಬಾಡಿಗೆ ತಡವಾಯಿತೆಂದು ಮನೆಯ ಯಜಮಾನ ಇವರ ಪಾತ್ರೆಪಗಡೆಯನ್ನು ಬೀದಿಯಲ್ಲಿ ತಂದಿಟ್ಟಿದ್ದ. ಸಾಲಿನವರೆಲ್ಲ ಬಾಗಿಲಲ್ಲಿ ನಿಂತು ನೋಡಿದ್ದರು. ಅವತ್ತೇ ಅವಳು ಹಲ್ಲು ಕಚ್ಚಿ ನಿಶ್ಚಯಿಸಿದಳು: ಈ ಎರಡು ಕೋಣೆಯನ್ನು ಕೊಂಡೇ ಸೈ. ಕೊಂಡಳು ಕೂಡ. ಹೊಟ್ಟೆ ಬಟ್ಟೆ ಕಟ್ಟಿ, ಕಾಸಿಗೆ ಕಾಸು ಕೂಡಿಸಿ, ವರ್ಷಗಳ ಮೇಲೆ ವರ್ಷ ಸವೆಸಿ ಕೊನೆಗೆ ಅದೇ ಯಜಮಾನನ ಮಗನ ಕೈಯಿಂದ ಬೀಗದಕೈ ಇಸಿದುಕೊಂಡಳು. ಮಕ್ಕಳಾಗಲಿಲ್ಲ. ಇದ್ದದ್ದು ಆ ಎರಡು ಕೋಣೆ, ಅವಳು, ಮತ್ತೆ ಅವಳ ಗಂಡ ಡಬ್ಬಿ ಮೇಸ್ತ್ರಿ.

ಡಬ್ಬಿ ಮೇಸ್ತ್ರಿ ಎಂದರೆ ಒಂದು ಕಾಲಕ್ಕೆ ತಗಡಿನ ಡಬ್ಬಿಗಳಿಗೆ ಮುಚ್ಚಳ ಒತ್ತುವ ಪ್ರೆಸ್ಸಿನ ಮುಂದೆ ಕೂತಿದ್ದವನು. ಬೆಳಗಿನಿಂದ ಸಂಜೆಯವರೆಗೆ ಧಡ್ ಧಡ್ ಎಂದು ಬೀಳುವ ಆ ಕಬ್ಬಿಣದ ಪಕ್ಕದಲ್ಲಿ ಎಷ್ಟು ದಿನ ಕಿವಿ ತಡೆದೀತು? ಕಿವಿಗೆ ಹತ್ತಿ ಕೂಡ ತುರುಕಿಕೊಳ್ಳದ ಮನುಷ್ಯ. ಮೊದಲು ಹಕ್ಕಿ ಸದ್ದು ಹೋಯಿತು, ಆಮೇಲೆ ಬಾಗಿಲು ಬಡಿಯುವುದು, ಆಮೇಲೆ ಮಾತು. ಕಾರ್ಖಾನೆಯವರು ಕೈಗೊಂದಿಷ್ಟು ಕೊಟ್ಟು ಕಳಿಸಿದರು. ಅದೃಷ್ಟಕ್ಕೆ ದೊಡ್ಡ ಅಂಗಡಿಯೊಂದರ ಹಿಂದೆ ವಾಹನ ನಿಲ್ಲಿಸುವ ಜಾಗದಲ್ಲಿ ಗೇಟು ಕಾಯುವ ಕೆಲಸ ಸಿಕ್ಕಿತು. ಆದರೆ ಅಲ್ಲಿನ ಸೂಪರ್‌ವೈಸರ್ ಖಡಾಖಂಡಿತವಾಗಿ ಹೇಳಿದ್ದ: "ಹಾರ್ನ್ ಕೇಳಿಸಿದ್ರೆ ಕೆಲಸ. ಇಲ್ಲಾಂದ್ರೆ ಬರಬೇಡಿ."

ಹಾಗೆ ಮನೆಗೆ ಬಂದದ್ದು ಕಿವಿಯ ಮಷೀನು.

ಅಂಗಡಿಯಲ್ಲಿ ಅದನ್ನು ಮೊದಲ ಸಲ ಕಿವಿಗೆ ಸಿಕ್ಕಿಸಿದ ದಿನ ಅವಳಿಗೆ ಚೆನ್ನಾಗಿ ನೆನಪಿದೆ. "ರೀ, ಕೇಳಿಸ್ತಾ?" ಎಂದು ಕೇಳಿದಾಗ ಅವನು ಕಣ್ಣರಳಿಸಿ, "ಏನೇ ಇದು, ನಿನ್ನ ಧ್ವನಿ ದಪ್ಪ ಆಗಿಬಿಟ್ಟಿದೆ!" ಎಂದು ನಕ್ಕಿದ್ದ. ದಾರಿಯುದ್ದಕ್ಕೂ ಮಕ್ಕಳ ಹಾಗೆ. ಚಪ್ಪಲಿ ಸದ್ದು ಕೇಳುತ್ತಿದೆ ಎಂದ. ಚೀಲದೊಳಗೆ ಬೀಗದಕೈ ಕುಲುಕಿದ್ದು ಕೇಳುತ್ತಿದೆ ಎಂದ. "ಮಾತಾಡೇ, ಏನಾದ್ರೂ ಮಾತಾಡು" ಎಂದು ಅವಳ ಮೊಣಕೈ ತಿವಿದ. ನಡುಬೀದಿಯಲ್ಲಿ ಏನು ಮಾತಾಡುವುದೆಂದು ಅವಳಿಗೆ ನಾಚಿಕೆ. ಮನೆಗೆ ಹೋಗೋಣ ನಡೀರಿ ಎಂದಳು.

ಮನೆಗೆ ಬಂದ ಮೇಲೆ ಅವಳು ಮಾಡಿದ್ದೇನು? ಸೆಲ್ಲಿನ ಪೊಟ್ಟಣ ಕೈಯಲ್ಲಿ ಹಿಡಿದು ಲೆಕ್ಕ ಹಾಕಿದಳು. ಗುಂಡಿಯಷ್ಟಗಲದ ಸೆಲ್ಲು, ಬೆನ್ನಿಗೊಂದು ಪುಟ್ಟ ಸ್ಟಿಕ್ಕರು. ಸ್ಟಿಕ್ಕರು ಕಿತ್ತು ಮಷೀನಿಗೆ ಹಾಕಿದರೆ ವಾರ ಹತ್ತು ದಿನ ನಡೆಯುತ್ತದೆ, ಆಮೇಲೆ ಹೊಸದು. ಕೊಳ್ಳುವವರು ಯಾರು? ಮನೆ ಕೊಳ್ಳಲು ಇಟ್ಟ ದುಡ್ಡಿಗೆ ಇಲಿ ಬಿದ್ದ ಹಾಗೆ ಅನ್ನಿಸಿತು ಅವಳಿಗೆ. ಗಂಡನ ಮುಂದೆ ಕೂತು, ತೀರಾ ಸಹಜವಾಗಿ, ನಲ್ಲಿ ತೊಟ್ಟಿಕ್ಕುತ್ತಿದೆ ನಿಲ್ಲಿಸಿ ಎನ್ನುವಷ್ಟು ಸಹಜವಾಗಿ ಹೇಳಿದಳು:

"ರೀ, ಕೆಲಸದ ಹೊತ್ತಲ್ಲಿ ಹಾಕ್ಕೊಳ್ಳಿ ಸಾಕು. ಮನೇಲಿ ಕೇಳೋದೇನಿದೆ? ನಾನೊಬ್ಳು ತಾನೆ ಇರೋದು. ಸುಮ್ನೆ ಸೆಲ್ ಯಾಕೆ ದಂಡ?"

ಅವನು ಒಂದು ಕ್ಷಣ ಅವಳ ಮುಖ ನೋಡಿದ. ಆಮೇಲೆ ಮಷೀನು ತೆಗೆದು ಅವಳ ಅಂಗೈಯಲ್ಲಿಟ್ಟ. ಅವಳು ಸೆಲ್ಲು ಹೊರತೆಗೆದು, ಬೆಳಗ್ಗೆ ಅಂಗಡಿಯವನು ಕಿತ್ತು ಪೊಟ್ಟಣಕ್ಕೇ ಮೆತ್ತಿದ್ದ ಸ್ಟಿಕ್ಕರನ್ನು ಹುಡುಕಿ, ಸೂಜಿಯ ಮೊನೆಯಿಂದ ಅಂಚು ಒತ್ತಿ ಒತ್ತಿ ಮತ್ತೆ ಅಂಟಿಸಿದಳು. ಸ್ಟಿಕ್ಕರು ಹಾಕಿದ ಸೆಲ್ಲು ಮಲಗಿರುತ್ತದೆ, ಶಕ್ತಿ ಖರ್ಚಾಗುವುದಿಲ್ಲ ಎಂಬುದು ಅವಳೇ ಕಂಡುಹಿಡಿದ ಯುಕ್ತಿ. ಅವತ್ತಿನಿಂದ ದಿನಾ ಸಂಜೆ ಅದೇ ಪೂಜೆ. ಅವನು ಹೊಸಿಲು ದಾಟುತ್ತಲೇ ಕಿವಿಗೆ ಕೈ ಹಾಕುತ್ತಿದ್ದ, ಅವಳು ಅಂಗೈ ಚಾಚುತ್ತಿದ್ದಳು. ಅಂಟು ಹೋದ ಸ್ಟಿಕ್ಕರಿಗೆ ಅವಳದೇ ಗೋಂದು.

ಇಷ್ಟಾದರೂ ಆ ಹಾಳು ಸೆಲ್ಲು ವಾರ ಹತ್ತು ದಿನಕ್ಕೇ ಸಾಯುತ್ತಿತ್ತು. ಒಂದು ದಿನವೂ ಹೆಚ್ಚಿಗೆ ಬರುತ್ತಿರಲಿಲ್ಲ. ಉಳಿತಾಯಮ್ಮ ಅಂಗಡಿಯವನ ಮೇಲೆ ಹರಿಹಾಯ್ದಳು. "ಹಳೇ ಮಾಲು ನಮ್ಮ ತಲೆಗೆ ಕಟ್ತೀರಾ? ಅರ್ಧ ಹೊತ್ತು ಹಾಕಿದ್ರೂ ಅಷ್ಟೇ ದಿನ ಬರತ್ತಲ್ಲ, ಇದ್ಯಾವ ನ್ಯಾಯ?" ಅವನು ಏನೋ ಹೇಳಲು ಬಾಯಿ ತೆಗೆದರೆ ಇವಳು ಬಿಟ್ಟರೆ ತಾನೆ! ಅಂಗಡಿ ಬದಲಾಯಿಸಿದಳು. ಅಲ್ಲೂ ಜಗಳ. ಊರಿನ ಸೆಲ್ಲು ಮಾರುವವರೆಲ್ಲ ಕಳ್ಳರು ಎಂದು ತೀರ್ಮಾನಿಸಿ, ಮನೆಯಲ್ಲಿ ಮಷೀನು ಹಾಕದಿರುವ ನಿಯಮವನ್ನು ಇನ್ನಷ್ಟು ಬಿಗಿ ಮಾಡಿದಳು. ಹಾಗಾದರೆ ಗಂಡ ಹೆಂಡತಿ ಸಂಸಾರ ನಡೆಸಿದ್ದು ಹೇಗೆ? ಕೈಸನ್ನೆಯಲ್ಲಿ.

ನೆಲವನ್ನು ಹಿಮ್ಮಡಿಯಿಂದ ಒದ್ದರೆ ಅವನ ಅಂಗಾಲಿಗೆ ತಿಳಿಯುತ್ತಿತ್ತು, ತಿರುಗಿ ನೋಡುತ್ತಿದ್ದ. ಬಾಯಿ ಹತ್ತಿರ ಬೆರಳು ತಂದರೆ ಊಟ. ಮುಷ್ಟಿ ತಿರುವಿದರೆ ನಲ್ಲಿ ನಿಲ್ಲಿಸಿ. ಹೆಬ್ಬೆರಳು ಕೆಳಗೆ ಮಾಡಿದರೆ ದೀಪ ಆರಿಸಿ. ಗಲ್ಲಕ್ಕೆ ಅಂಗೈ ಆನಿಸಿದರೆ ಮಲಗಿ. ಎರಡು ಬೆರಳು ಉಜ್ಜಿದರೆ ದುಡ್ಡು. ತಾನೇ ಎಷ್ಟು ಜೋರಾಗಿ ಮಾತಾಡುತ್ತಿದ್ದೇನೆಂದು ಗೊತ್ತಾಗದೆ ಅವನು ಒದರುತ್ತಿದ್ದುದಕ್ಕೆ ಪಕ್ಕದವರು ಗೋಡೆ ಬಡಿದ ಮೇಲೆ, ಅವನೂ ಬಾಯಿಗೆ ಬೀಗ ಹಾಕಿ ಬೆರಳಿಗೇ ಶರಣಾದ. ಒಂದು ಜೀವಮಾನದ ಸಂಸಾರಕ್ಕೆ ಇಷ್ಟು ಸನ್ನೆ ಸಾಕಾಗುತ್ತದೆ ಎಂದರೆ ನಂಬುತ್ತೀರಾ? ಸಾಕಾಯಿತು. ಅಕ್ಕಪಕ್ಕದವರು ಬೆರಗಾದರು. ಎಂಥ ಹೊಂದಾಣಿಕೆ ಎಂದು ತಮ್ಮ ಗಂಡಂದಿರಿಗೆ ತೋರಿಸಿ ಚುಚ್ಚಿದರು.

ಎದುರುಮನೆ ಸೊಸೆ ಮಾತ್ರ ಒಮ್ಮೆ ಕೇಳಿದ್ದಳು. "ಅಕ್ಕಾ, ಊಟ, ನಲ್ಲಿ, ದೀಪ ಎಲ್ಲಾ ಸರಿ. ಸುಮ್ ಸುಮ್ನೆ ಮಾತಾಡಬೇಕು ಅನ್ಸಿದ್ರೆ ಏನ್ ಮಾಡ್ತೀರಿ?"

"ಸುಮ್ ಸುಮ್ನೆ ಯಾಕೆ ಮಾತಾಡಬೇಕು?" ಎಂದು ಉಳಿತಾಯಮ್ಮ ಗದರಿ ಕಳಿಸಿದಳು. ಆದರೆ ಆ ಪ್ರಶ್ನೆ ಬಟ್ಟೆಯಲ್ಲಿ ಮುರಿದುಳಿದ ಸೂಜಿಯ ಚೂರಿನ ಹಾಗೆ ಆಗಾಗ ಚುಚ್ಚುತ್ತಿತ್ತು.

ಯಾಕೆಂದರೆ ಅವಳ ಹತ್ತಿರ ಮಾತಿತ್ತು. ಬೇಕಾದಷ್ಟಿತ್ತು. ಸೋಪಿನ ಚೂರು ಕೂಡಿಟ್ಟ ಹಾಗೆ ಮಾತನ್ನೂ ಕೂಡಿಟ್ಟಿದ್ದಳು. ಒಂದು ಬೆಳಗ್ಗೆ ಅವನು ಮಷೀನು ಹಾಕಿಕೊಂಡು ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ ಹೇಳಿಯೂ ಇದ್ದಳು: "ಈ ಕೆಲಸ ಮುಗೀಲಿ ಇರ್ರೀ. ಆಮೇಲೆ ಇಡೀ ದಿನ ಹಾಕ್ಕೊಂಡಿರಿ. ಎಷ್ಟು ಸೆಲ್ ಬೇಕಾದ್ರೂ ಹೋಗ್ಲಿ. ನಾನು ಬಾಯಿ ಮುಚ್ಚೋದೇ ಇಲ್ಲ, ನೀವೇ ಸಾಕು ಮಾರಾಯ್ತಿ ಅನ್ನಬೇಕು." ಅವನು ಆಗ ಎಷ್ಟು ಚೆನ್ನಾಗಿ ನಕ್ಕಿದ್ದ! ಅದೇ ಮಾತನ್ನು ಹಿಡಿದುಕೊಂಡು ಅವಳು ವರ್ಷಗಳನ್ನು ತಳ್ಳಿದಳು. ಕಡಿಮೆಗೆ ಸಿಕ್ಕಿದಾಗಲೆಲ್ಲ ಒಂದೊಂದು ಪೊಟ್ಟಣ ಸೆಲ್ಲು ಹೆಚ್ಚಿಗೆ ತಂದು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಸಿಟ್ಟಳು. ಮುಂದಿನ ಮಾತುಕತೆಗೆ ಬಂಡವಾಳ.

ಆ ಮಾತುಗಳಲ್ಲಿ ಒಂದು ಎಲ್ಲಕ್ಕಿಂತ ಭಾರದ್ದು. ಗೇಟಿನ ಕೆಲಸದ ಮೊದಲ ಸಂಬಳ ಬಂದ ದಿನ ಅವನು ಹೇಳದೆ ಕೇಳದೆ ಅವಳಿಗೊಂದು ಹಸಿರು ಶಾಲು ತಂದಿದ್ದ. ಉಣ್ಣೆಯದು, ಅಂಚಿಗೆ ಸಣ್ಣ ಸಣ್ಣ ಗೊಂಡೆ. ಅವಳು ಬೆಲೆಯ ಚೀಟಿ ನೋಡಿ ಹೌಹಾರಿ, ಎರಡು ಬೆರಳು ಉಜ್ಜಿ, ಬಾಗಿಲು ತೋರಿಸಿದಳು. ವಾಪಸು ಕೊಟ್ಟು ಬನ್ನಿ. ಅವನು ಶಾಲು ಸುತ್ತಿದ್ದ ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಸಿ ಬಿಸಿಲಲ್ಲಿ ನಡೆದು ಹೋಗಿ ಕೊಟ್ಟು ಬಂದ. ದುಡ್ಡನ್ನು ಮೇಜಿನ ಮೇಲಿಟ್ಟ. ಅಷ್ಟೇ, ಅದರ ಸುದ್ದಿ ಮತ್ತೆ ಎತ್ತಲಿಲ್ಲ. ಅವನಿಗೆ ಗೊತ್ತಿಲ್ಲದ್ದು ಏನೆಂದರೆ, ಮರುದಿನ ಅವಳು ಆ ಅಂಗಡಿಯ ಮುಂದೆ ಹೋಗಿ ನಿಂತಿದ್ದಳು. ಅದರ ಮರುದಿನವೂ. ಗಾಜಿನ ಹಿಂದೆ ಶಾಲು ತೂಗುತ್ತಿತ್ತು. ಒಂದು ದಿನ ಇರಲಿಲ್ಲ. ಆಮೇಲೆ ಒಮ್ಮೆ ಬಸ್ ನಿಲ್ದಾಣದಲ್ಲಿ ಯಾರೋ ಹೆಂಗಸಿನ ಹೆಗಲ ಮೇಲೆ ಅದನ್ನು ಕಂಡು, ತನ್ನ ಬಸ್ಸು ಬಿಟ್ಟು, ಅವಳ ಹಿಂದೆ ಎರಡು ಬೀದಿ ನಡೆದಿದ್ದಳು. ಇದನ್ನು ಗಂಡನಿಗೆ ಹೇಳಬೇಕಿತ್ತು. ನನಗೂ ಅದು ಬೇಕಾಗಿತ್ತು ಕಣ್ರೀ ಎನ್ನಬೇಕಿತ್ತು. ಬರೆದು ಕೊಡೋಣವೆಂದರೆ ಇಬ್ಬರಿಗೂ ಅಂಕಿ ಮತ್ತು ರುಜು ಬಿಟ್ಟರೆ ಅಕ್ಷರ ಅಷ್ಟಕ್ಕಷ್ಟೆ. ಬೇರೆಯವರ ಕೈಯಲ್ಲಿ ಬರೆಸುವ ಮಾತೇ ಅದು? ಸನ್ನೆಯಂತೂ ಇರಲಿಲ್ಲ. ಬೇಡ ಎನ್ನುವುದಕ್ಕೆ ಅವರ ಮನೆಯಲ್ಲಿ ಹತ್ತು ಸನ್ನೆ. ಬೇಕಾಗಿತ್ತು ಎನ್ನುವುದಕ್ಕೆ ಒಂದೂ ಇಲ್ಲ.

ಕೊನೆಗೂ ಅವನ ಕೆಲಸ ಮುಗಿಯಿತು. ವಯಸ್ಸಾಯಿತು, ಇನ್ನು ಸಾಕು ಎಂದು ಸೂಪರ್‌ವೈಸರ್ ಒಂದು ಗೋಡೆ ಗಡಿಯಾರ ಕೊಟ್ಟು ಕೈಮುಗಿದ. ಮರುದಿನ ಬೆಳಗ್ಗೆ ಉಳಿತಾಯಮ್ಮ ತಲೆ ಬಾಚಿ, ಒಗೆದ ಬಟ್ಟೆ ಉಟ್ಟು, ಸಕ್ಕರೆ ಒಂದು ಚಮಚ ಹೆಚ್ಚಿಗೇ ಹಾಕಿ ಟೀ ಮಾಡಿದಳು. ಬಿಸ್ಕತ್ತಿನ ಡಬ್ಬಿ ತೆರೆದು ಹೊಸ ಸೆಲ್ಲು ತೆಗೆದಳು. ಸ್ಟಿಕ್ಕರನ್ನು ಕಿತ್ತು ಕಿಟಕಿಯಾಚೆ ಬಿಸಾಡಿದಳು. ಅದನ್ನು ನೋಡಿ ಅವನಿಗೇ ಗಾಬರಿ.

ಅವನು ಮಷೀನು ಹಾಕಿಕೊಂಡು ಎದುರಿಗೆ ಕೂತ. ಅವಳು ಸೆರಗು ಸರಿಮಾಡಿಕೊಂಡಳು, ಹೆಣ್ಣು ನೋಡಲು ಬಂದವರ ಮುಂದೆ ಕೂತ ಹಾಗೆ.

"ಟೀ ಸಕ್ಕರೆ ಸರಿ ಇದೆಯಾ?"

ಅವನು ತಲೆಯಾಡಿಸಿದ. "ಹ್ಞೂಂ, ಆಮೇಲೆ ಹೋಗ್ತೀನಿ."

"ಎಲ್ಲಿಗೆ ಹೋಗ್ತೀರಿ? ಸಕ್ಕರೆ, ಸಕ್ಕರೆ ಕೇಳಿದ್ದು."

"ಚಕ್ರಾನಾ? ಯಾರ ಗಾಡಿ ಚಕ್ರ?"

ಅವಳು ನಕ್ಕಳು. ಅವನೂ ನಕ್ಕ. ಸೆಲ್ಲು ಹಳೆಯದಾಗಿರಬೇಕು, ಡಬ್ಬಿಯಲ್ಲಿ ಕೂತು ಕೂತು ಬಲ ಹೋಗಿದೆ ಎಂದುಕೊಂಡು ಬೇರೆ ಹಾಕಿದಳು. ಅದೂ ಅಷ್ಟೇ. ಇನ್ನೊಂದು ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಟೀ ಲೋಟದ ಸುತ್ತ ಸೆಲ್ಲಿನ ರಾಶಿ. ಹೊರಗೆ ಬೀದಿಯಲ್ಲಿ ಯಾರೋ ಹಾರ್ನ್ ಒತ್ತಿದ್ದಕ್ಕೆ ಮಾತ್ರ ಅವನು ತಟ್ಟನೆ ಎದ್ದು ನಿಂತ. ಗೇಟು ತೆಗೆಯಲು ಕೈ ಮುಂದೆ ಬಂದಿತ್ತು.

ಅವತ್ತು ಸಂಜೆ ಅವಳು ಹಿಂದೆಂದೂ ಮಾಡದ ಕೆಲಸ ಮಾಡಿದಳು. ದೊಡ್ಡ ಅಂಗಡಿಗೆ ಹೋಗಿ, ಎಲ್ಲಕ್ಕಿಂತ ದುಬಾರಿಯ ಸೆಲ್ಲು ಕೊಡಿ ಎಂದಳು. ಚೌಕಾಸಿ ಮಾಡಲಿಲ್ಲ. ಚಿಲ್ಲರೆ ಎಣಿಸಿಕೊಳ್ಳಲೂ ಇಲ್ಲ. ಓಡುತ್ತಾ ಮನೆಗೆ ಬಂದು ಹಾಕಿದಳು. ಅವನ ಮುಖದ ಹತ್ತಿರ ಮುಖ ತಂದು, ಬಿಡಿಸಿ ಬಿಡಿಸಿ ಹೇಳಿದಳು. ಅವನು ಹುಬ್ಬು ಗಂಟಿಕ್ಕಿ, ಪರೀಕ್ಷೆಗೆ ಕೂತ ಮಗುವಿನ ಹಾಗೆ ಕಷ್ಟಪಟ್ಟು ಕೇಳಿ, "ಸದ್ದು ಬರ್ತಾ ಇದೆ ಕಣೇ, ಜೋರಾಗೇ ಬರ್ತಾ ಇದೆ. ಮಾತಾಗ್ತಾ ಇಲ್ಲ" ಎಂದ.

ಮಷೀನೇ ಕೆಟ್ಟಿದೆ, ಇನ್ನೇನು! ಹೊಸ ಮಷೀನು ತರೋಣ, ಹೋಗಲಿ ದುಡ್ಡು ಎಂದುಕೊಂಡು ಮರುದಿನವೇ ಅವನ ಕೈ ಹಿಡಿದು ಕಿವಿ ಪರೀಕ್ಷೆ ಮಾಡುವಲ್ಲಿಗೆ ಕರೆದುಕೊಂಡು ಹೋದಳು. ಅಲ್ಲಿದ್ದವಳು ಚಿಕ್ಕ ವಯಸ್ಸಿನ ಹುಡುಗಿ, ನಗುಮುಖದವಳು. ಗಾಜಿನ ಬಾಗಿಲಿನ ಸಣ್ಣ ಕೋಣೆಯಲ್ಲಿ ಅವನನ್ನು ಕೂರಿಸಿ ಪೀಂ ಪೀಂ ಸದ್ದು ಬಿಟ್ಟಳು. ಅವನು ಪ್ರತಿ ಸದ್ದಿಗೂ ಕೈಯೆತ್ತಿದ. ಉಳಿತಾಯಮ್ಮನಿಗೆ ಜೀವ ಬಂತು.

"ಮಷೀನು ಚೆನ್ನಾಗೇ ಇದೆ ಆಂಟಿ. ಸದ್ದು ಎಲ್ಲಾ ಸಿಗ್ತಾ ಇದೆ ಇವರಿಗೆ. ಈಗ ಮಾತು ನೋಡೋಣ."

ಹುಡುಗಿ ಬಾಯಿಗೆ ರಟ್ಟು ಅಡ್ಡ ಹಿಡಿದು ಒಂದೊಂದೇ ಪದ ಹೇಳಿದಳು. ಅವನು ತಿರುಗಿ ಹೇಳಬೇಕು. ಗಾಡಿ ಎಂದಳು, ಗಾಡಿ ಎಂದ. ಗೇಟು ಎಂದಳು, ಗೇಟು ಎಂದ. ಮನೆ ಎಂದಳು, ಸುಮ್ಮನೆ ನೋಡಿದ. ಹಾಲು ಎಂದಳು, ಹಾರ್ನ್ ಎಂದ. ಮಳೆ, ಹೂವು, ಅಮ್ಮ. ಅವನು ತಲೆ ಅಲ್ಲಾಡಿಸಿದ, ತಪ್ಪು ಮಾಡಿದವನ ಹಾಗೆ ಹೆಂಡತಿಯ ಕಡೆ ತಿರುಗಿದ.

"ಪರವಾಗಿಲ್ಲ" ಎಂದಳು ಹುಡುಗಿ. "ನನ್ನ ಧ್ವನಿ ಅವರಿಗೆ ಹೊಸದು. ಮನೆಯವರ ಧ್ವನಿ ಬೇಗ ಹಿಡಿಯತ್ತೆ. ಆಂಟಿ, ನೀವು ಅವರ ಹಿಂದೆ ನಿಂತು ಏನಾದ್ರೂ ಹೇಳಿ. ನೀವು ದಿನಾ ಹೇಳೋ ಅಂಥದ್ದು."

ಉಳಿತಾಯಮ್ಮ ಹೋಗಿ ಅವನ ಬೆನ್ನ ಹಿಂದೆ ನಿಂತಳು. ಕತ್ತಿನ ಹತ್ತಿರ ತಾನೇ ತಿರುಗಿಸಿ ಹೊಲಿದ ಕಾಲರು ಕಾಣುತ್ತಿತ್ತು. ದಿನಾ ಹೇಳುವಂಥದ್ದು ಎಂದರೆ ಯಾವುದು? ಕೊನೆಗೆ, "ರೀ, ನಾನು ಕಣ್ರೀ. ನಾನು" ಎಂದಳು.

ಅವನು ಕಿವಿಗೊಟ್ಟು ಕೇಳಿದ. ಆಮೇಲೆ ಆ ಹುಡುಗಿಗೆ ಸಹಾಯ ಮಾಡುವವನ ಹಾಗೆ, ಗೇಟಿನಲ್ಲಿ ಮಾತಾಡುವ ಮರ್ಯಾದೆಯ ದನಿಯಲ್ಲಿ ಹೇಳಿದ: "ಯಾರೋ ಹೆಂಗಸು ಮಾತಾಡ್ತಾ ಇದಾರಮ್ಮ. ಯಾರೂ ಅಂತ ಗೊತ್ತಾಗ್ತಾ ಇಲ್ಲ."

ಉಳಿತಾಯಮ್ಮ ಗೋಡೆ ಹಿಡಿದುಕೊಂಡಳು. ಯಾರೋ ಹೆಂಗಸು! ಒಂದೇ ಸೂರಿನಡಿ ಮುದುಕಿಯಾದ ಮೇಲೆ ಕೇಳಬೇಕಾದ ಮಾತೇ ಇದು? ಕಿರುಚಬೇಕು ಅನ್ನಿಸಿತು. ಕಿರುಚಿದರೆ ಅದೂ ಯಾರೋ ಹೆಂಗಸಿನ ಕಿರುಚಾಟ ಆದೀತು ಎಂದು ಹೊಳೆದು ನಿಂತಲ್ಲೇ ನಿಂತಳು.

ಹುಡುಗಿ ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿ ನೀರು ಕೊಟ್ಟಳು. "ಮನೇಲಿ ದಿನಕ್ಕೆ ಎಷ್ಟು ಹೊತ್ತು ಹಾಕ್ತಾರೆ ಆಂಟಿ?"

ಸುಳ್ಳು ಹೇಳಬಹುದಿತ್ತು. ಅವಳು ಹೇಳಲಿಲ್ಲ. "ಹಾಕಲ್ಲಮ್ಮ. ಮನೇಲಿ ಹಾಕಲ್ಲ."

"ಯಾಕೆ?"

"ಸೆಲ್ ಉಳಿಯತ್ತಲ್ಲ ಅಂತ. ತೆಗೆದು ಸ್ಟಿಕ್ಕರ್ ಅಂಟಿಸಿ ಇಡ್ತಿದ್ದೆ."

ಹುಡುಗಿ ಹೇಳುವುದೋ ಬೇಡವೋ ಎಂದು ಅನುಮಾನಿಸಿ, ಮೆತ್ತಗೆ ಹೇಳಿದಳು. "ಆಂಟಿ, ಇದು ಗಾಳಿ ತಗುಲಿದ್ರೆ ಕೆಲಸ ಶುರು ಮಾಡೋ ಸೆಲ್ಲು. ಸ್ಟಿಕ್ಕರ್ ಒಂದ್ಸಲ ಕಿತ್ತ ಮೇಲೆ ಹಾಕ್ಕೊಂಡ್ರೂ ಖಾಲಿ ಆಗತ್ತೆ, ತೆಗೆದಿಟ್ರೂ ಖಾಲಿ ಆಗತ್ತೆ. ವಾಪಸ್ ಅಂಟಿಸಿದ್ರೆ ಪ್ರಯೋಜನ ಇಲ್ಲ. ಏನೂ ಉಳಿಯಲ್ಲ."

"ಏನೂ?"

"ಹೇಳಿಕೊಳ್ಳೋ ಅಷ್ಟು ಏನೂ ಇಲ್ಲ ಆಂಟಿ."

ಅಂಗಡಿಯವನು ಅವತ್ತು ಬಾಯಿ ತೆಗೆದಿದ್ದು ಇದನ್ನೇ ಹೇಳಲು ಇರಬೇಕು. ಬಿಟ್ಟಿದ್ದಳೇ ಅವಳು?

ಹುಡುಗಿ ಇನ್ನೂ ಏನೇನೋ ವಿವರಿಸಿದಳು. ಕಿವಿ ಸದ್ದನ್ನು ಮಾತ್ರ ಒಳಗೆ ಬಿಡುತ್ತದೆ, ಅದನ್ನು ಮಾತು ಎಂದು ಬಿಡಿಸಿಕೊಳ್ಳುವುದು ತಲೆಯ ಕೆಲಸ, ಆ ಕೆಲಸಕ್ಕೆ ದಿನಾ ರೂಢಿ ಬೇಕು. ಇವರಿಗೆ ವರ್ಷಗಟ್ಟಲೆ ಸಿಕ್ಕಿದ ರೂಢಿ ಹಾರ್ನಿಂದು, ಗಾಡಿಯದು. "ದಿನಾ ಹತ್ತಿರ ಕೂತು ನಿಧಾನಕ್ಕೆ ಮಾತಾಡ್ತಾ ಹೋಗಿ. ಒಂದೆರಡು ಪದ ವಾಪಸ್ ಬಂದರೂ ಬರಬಹುದು. ಪೂರ್ತಿ ಬರತ್ತೆ ಅಂತ ನಾನು ಸುಳ್ಳು ಆಸೆ ಹುಟ್ಟಿಸಲ್ಲ, ಈ ವಯಸ್ಸಿಗೆ ಕಷ್ಟ."

"ದುಡ್ಡು ಎಷ್ಟಾದ್ರೂ ಆಗ್ಲಿ ತಾಯಿ" ಎಂದಳು ಉಳಿತಾಯಮ್ಮ. ಆ ಮಾತು ಅವಳ ಬಾಯಿಂದ ಬಂದದ್ದನ್ನು ಕೇಳಿದ್ದರೆ ಸಾಲುಮನೆಯವರು ಮೂರ್ಛೆ ಹೋಗುತ್ತಿದ್ದರು. "ಬೇರೆ ಮಷೀನು, ಫಾರಿನ್‌ದು, ಯಾವುದಾದ್ರೂ..."

"ದುಡ್ಡಿಂದ ಆಗೋದಲ್ಲ ಆಂಟಿ ಇದು" ಎಂದಳು ಹುಡುಗಿ.

ವಾಪಸು ಬರುವಾಗ ಬಸ್ಸು ಹತ್ತಲಿಲ್ಲ. ಉಳಿತಾಯಕ್ಕಲ್ಲ, ಕಾಲು ಹೋದ ಕಡೆ ಅವಳು ನಡೆದಳು, ಅವನು ಜೊತೆಗೆ ನಡೆದ. ಹಿಂದೊಮ್ಮೆ ಹೊಸ ಮಷೀನು ಹಾಕಿಕೊಂಡು ಮಾತಾಡೇ ಮಾತಾಡೇ ಎಂದು ಅವನು ಮೊಣಕೈ ತಿವಿದದ್ದು ಇದೇ ಬೀದಿಯಲ್ಲಿ. ಅವತ್ತು ಏನು ಹೇಳಿದ್ದರೂ ನಡೆಯುತ್ತಿತ್ತಲ್ಲ! ಆ ಮರ ನೋಡಿ ಎಂದಿದ್ದರೂ ಸಾಕಾಗಿತ್ತು. ಮನೆಗೆ ಹೋಗೋಣ ಎಂದಳು. ಮನೆಗೆ ಹೋಗಿ ಬಾಯಿ ಮುಚ್ಚಿಸಿದಳು. ಅವನು ಕೇಳುವ ಮನುಷ್ಯನಾಗಿದ್ದ, ಅವನನ್ನು ಅರಿವೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು, ಮುಂದೆ ಬೇಕಾದೀತೆಂದು.

ಬಾಗಿಲ ಹತ್ತಿರ ಎದುರುಮನೆ ಸೊಸೆ ಕಾಯುತ್ತಿದ್ದಳು, ಕೈಯಲ್ಲಿ ಗಂಡನ ಶರಟು. "ಅಕ್ಕಾ, ಈ ತಿಂಗಳು ಫೋನ್ ಕರೆನ್ಸಿ ಉಳಿಸೋಕೆ ಒಂದು ದಾರಿ ಹುಡುಕಿದೀನಿ. ಇವರು ಕೆಲಸದಲ್ಲಿದ್ದಾಗ ಮಾತೇ ಆಡಲ್ಲ, ಬರೀ ಮಿಸ್ಡ್ ಕಾಲ್. ಒಂದು ಸಲ ಕೊಟ್ರೆ..."

"ಮಾತಾಡೇ!" ಎಂದು ಉಳಿತಾಯಮ್ಮ ಕೂಗಿಬಿಟ್ಟಳು. ಸೊಸೆ ಬೆಚ್ಚಿ ಹಿಂದೆ ಸರಿದಳು. "ಮನೆ ಮಾರಿಯಾದ್ರೂ ಮಾತಾಡು. ಹೋಗು, ಈಗ್ಲೇ ಹೋಗಿ ಮಾತಾಡು." ಶರಟನ್ನು ಅವಳ ಕೈಯಿಂದ ಕಿತ್ತುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಕ್ಕನಿಗೆ ಏನೋ ಆಗಿದೆ ಎಂದು ಸೊಸೆ ಅತ್ತೆಗೆ ಹೇಳಿದಳು. ಸಾಲಿಗೆಲ್ಲ ಸುದ್ದಿಯಾಯಿತು. ಯಾರಿಗೂ ಅರ್ಥವಾಗಲಿಲ್ಲ.

ಅಂದಿನಿಂದ ದಿನಾ ಊಟವಾದ ಮೇಲೆ ಅವನನ್ನು ಕಿಟಕಿಯ ಹತ್ತಿರ ಕೂರಿಸಿ, ಮಷೀನು ಹಾಕಿಸಿ, ಎದುರಿಗೆ ಕೂತು ಅವಳು ಪಾಠ ಶುರು ಮಾಡಿದಳು. ನೀರು. ನೀ-ರು. ಲೋಟ ತೋರಿಸಿ ಹೇಳಿದರೆ ಅವನು ನೀರು ಎನ್ನುತ್ತಿದ್ದ. ಲೋಟ ಬಚ್ಚಿಟ್ಟರೆ ಮುಗಿಯಿತು. ಪಾಪ, ಅವನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಬೆವರುತ್ತಿದ್ದ, ಊಹಿಸುತ್ತಿದ್ದ, ತಪ್ಪಾದಾಗ ಅವಳ ಮೊಣಕಾಲು ತಟ್ಟಿ ಸಮಾಧಾನ ಮಾಡುತ್ತಿದ್ದ. ವಾರಗಳು ಕಳೆದವು. ಬಿಸ್ಕತ್ತಿನ ಡಬ್ಬಿ ಅರ್ಧಕ್ಕಿಳಿಯಿತು. ಒಂದು ಪದವೂ ವಾಪಸು ಬರಲಿಲ್ಲ.

ಒಂದು ಮಧ್ಯಾಹ್ನ ಅವಳು ನೀರು, ಲೋಟ, ಕಿಟಕಿ ಎಲ್ಲವನ್ನೂ ಬಿಟ್ಟಳು. ಬೆಳಕು ಅವನ ಮೊಣಕಾಲಿನ ಮೇಲೆ ಬಿದ್ದಿತ್ತು. ಹೊರಗೆ ಬೀದಿ ಖಾಲಿ. ಅವನ ಎರಡೂ ಕೈ ಹಿಡಿದುಕೊಂಡು ಶಾಲಿನ ಮಾತು ತೆಗೆದಳು.

"ರೀ, ಆ ಹಸಿರು ಶಾಲು ನೆನಪಿದೆಯಾ? ಗೊಂಡೆ ಇತ್ತಲ್ಲ. ನಾನು ವಾಪಸ್ ಕೊಟ್ ಬನ್ನಿ ಅಂದೆ. ಬಿಸಿಲಲ್ಲಿ ಹೋದ್ರಿ ನೀವು, ಒಂದು ಮಾತಾಡಲಿಲ್ಲ. ನಾನು ಮಾರನೇ ದಿನ ಹೋಗಿದ್ದೆ ಕಣ್ರೀ ಆ ಅಂಗಡಿ ಹತ್ರ. ಎಷ್ಟೋ ದಿನ ಹೋದೆ. ಸುಮ್ನೆ ನಿಂತು ನೋಡಿ ಬರ್ತಿದ್ದೆ..."

ಕಣ್ಣಲ್ಲಿ ನೀರು ಬಂತು. ಆದರೂ ನಿಲ್ಲಿಸಲಿಲ್ಲ. ಬಸ್ ನಿಲ್ದಾಣದ ಹೆಂಗಸಿನ ಮಾತಿಗೆ ಬಂದಳು, ಅವಳ ಹಿಂದೆ ನಡೆದದ್ದಕ್ಕೆ ಬಂದಳು. ಮಾತು ಕಟ್ಟೆಯೊಡೆದು ಬರುತ್ತಿತ್ತು. ಅವನು ಅವಳ ತುಟಿಯನ್ನೇ ನೋಡುತ್ತಿದ್ದ. ಲೋಟ ಇಲ್ಲ, ನೀರಿಲ್ಲ, ಬೆರಳಿನ ಸನ್ನೆ ಇಲ್ಲ. ದೀಪ ಉರಿಯುತ್ತಿಲ್ಲ, ನಲ್ಲಿ ಸುರಿಯುತ್ತಿಲ್ಲ. ಕೆಲಸದ ಮಾತಲ್ಲ ಇದು ಎಂದು ಅವನಿಗೆ ತಿಳಿಯಿತು. ಹೆಂಡತಿ ಅಳುತ್ತಿದ್ದಾಳೆ ಎಂದೂ ತಿಳಿಯಿತು. ಅವಳನ್ನು ಸಮಾಧಾನ ಮಾಡಲು ಏನು ಮಾಡಬೇಕು? ಅವಳಿಗೆ ಯಾವುದರಿಂದ ಸಂತೋಷವಾಗುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿದೆ!

ಅವನು ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡ. ಕಿವಿಯಿಂದ ಮಷೀನು ತೆಗೆದ. ಉಗುರಿನಿಂದ ಪುಟ್ಟ ಬಾಗಿಲು ತೆರೆದು ಸೆಲ್ಲನ್ನು ಅಂಗೈಗೆ ಉದುರಿಸಿಕೊಂಡ. ಆಮೇಲೆ ಅಂಗಿಯ ಜೇಬಿನಿಂದ, ಬೆಳಗ್ಗೆ ಅವಳು ಕಿತ್ತು ಬಿಸಾಡಿದ್ದ, ತಾನು ಹೆಕ್ಕಿಟ್ಟುಕೊಂಡಿದ್ದ ಸ್ಟಿಕ್ಕರನ್ನು ತೆಗೆದು, ಅವಳು ಮಾಡುತ್ತಿದ್ದ ಹಾಗೆಯೇ ಅಂಚು ಒತ್ತಿ ಒತ್ತಿ ಅಂಟಿಸಿದ. ಅದನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದ.

"ನೀನು ಹೇಳು, ನಾನು ನೋಡ್ತಾ ಇರ್ತೀನಿ" ಎಂದ, ಬೀದಿಗೆಲ್ಲ ಕೇಳುವಷ್ಟು ಜೋರಾಗಿ, ಅಕ್ಕರೆಯಿಂದ. "ಸುಮ್ನೆ ಸೆಲ್ ಯಾಕೆ ದಂಡ?"